ಖಾತ್ರಿ ದನದ ಡಾಕ್ಟರು

ಡಾಕ್ಟರು ಹೋದರೆಂಬ ಸುದ್ದಿ ಬಂದಾಗ ನಾನು ಚಿಕ್ಕೋಡಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬ ಸೈಕಲ್ ನಿಲ್ಲಿಸಿ, "ಬಾಯಾರ, ನಿಮ್ಮ ದನದ ಡಾಕ್ಟರ್ ಸಾಹೇಬ್ರು ತೀರಿಕೊಂಡ್ರಂತ್ರಿ" ಎಂದ. ನಮ್ಮ ಕಡೆ ಕಲಿಸುವ ಹೆಂಗಸನ್ನು ಬಾಯಾರು ಎಂದು ಕರೆಯುತ್ತಾರೆ. "ಹೌದಾ" ಎಂದೆ. ಬದನೆಕಾಯಿ ತೂಗಿಸಿಕೊಂಡೆ, ಮನೆಗೆ ಬಂದೆ, ಚೀಲವನ್ನು ಅಡುಗೆಮನೆಯಲ್ಲಿ ಇಟ್ಟೆ. ಆಮೇಲೆ ಅತ್ತೆ.

ನಿವೃತ್ತಿಯ ನಂತರ ಅವರು ಯಡೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದರು. ಅಲ್ಲಿನ ಶಾಲೆಯ ಅಂಗಳದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಮಂತ್ರಿ ಸತ್ತರೂ ಅಷ್ಟು ಜನ ಸೇರುವುದಿಲ್ಲ. ಒಬ್ಬ ತನ್ನ ಎತ್ತಿನ ಕಥೆ ಹೇಳಿದ, ಒಬ್ಬಳು ತನ್ನ ಎಮ್ಮೆಯ ಕಥೆ ಹೇಳುತ್ತ ಹೇಳುತ್ತ ತವರಿನ ಅಪ್ಪ ಸತ್ತವಳ ಹಾಗೆ ಗೋಳಾಡಿದಳು. ಕೊನೆಗೆ ಊರ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಬಾಯಾರ, ನೀವೂ ಎರಡ ಮಾತ ಆಡ್ರಿ. ಹದ್ದಿಗೂ ಅನ್ನ ಹಾಕಿದ ಪುಣ್ಯಾತ್ಮ ಅಂತ ನೀವ ಅಂದಿದ್ರಿ ಅವರಿಗೆ" ಎಂದರು. ನಾನು ಎದ್ದು ನಿಂತೆ. ದೊಡ್ಡ ಮನಸ್ಸಿನವರು, ಮೂಕ ಜೀವಗಳ ಬಂಧು, ಹಾಗೆ ಹೀಗೆ ಅಂದು ಕೂತುಬಿಟ್ಟೆ. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಅವತ್ತು ಸತ್ತೇ ಹೋಗಿತ್ತು. ಅಂದು ಆಡಲಾರದ್ದನ್ನು ಇಲ್ಲಿ ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಹೆಸರು ಬೇಕಾಗಿಲ್ಲ, ಹೊರಗಿನವರಿಗೆ ಅದರಿಂದ ಆಗಬೇಕಾದ್ದೂ ಇಲ್ಲ.

ಅವರು ನಿಪ್ಪಾಣಿ ಕಡೆಯವರು, ಮನೆಮಾತು ಮರಾಠಿ. ದನಗಳ ಹತ್ತಿರ ಮರಾಠಿ, ದನದ ಮಾಲೀಕರ ಹತ್ತಿರ ಕನ್ನಡ. "ಥಾಂಬ್ ರೇ ರಾಜಾ, ಥೋಡಾ ಥಾಂಬ್", ನಿಲ್ಲಪ್ಪ ರಾಜಾ, ಸ್ವಲ್ಪ ನಿಲ್ಲು ಎಂದು ಎತ್ತಿನ ಕಿವಿಯಲ್ಲಿ ಬೆಣ್ಣೆಯಂಥ ಮಾತಾಡಿ, ಮರುಕ್ಷಣ ಹೊರಳಿ, "ಲೇ ಮಂಗ್ಯಾ, ಈ ಹುಣ್ಣ ಆಗಿ ಎಷ್ಟ ದಿನಾ ಆತ? ನಿನ್ನ ಕಾಲಿಗೆ ಆಗಿದ್ರ ಇಷ್ಟ ದಿನಾ ಸುಮ್ನ ಕುಂದರ್ತಿದ್ದೇನ?" ಎಂದು ರೈತನ ಜನ್ಮ ಜಾಲಾಡುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದರೆ, "ಬೈಗಳಕ್ಕ ಕನ್ನಡ ಛಲೋ ಬಾಯಾರ, ಬಾಯಿ ತುಂಬ್ತೈತಿ" ಎನ್ನುತ್ತಿದ್ದರು. ಬೈಸಿಕೊಂಡವರು ನಕ್ಕು ನೀರು ಕಾಯಿಸಿ ತರುತ್ತಿದ್ದರು.

ಸೂಜಿ ಹಾಕುವಾಗ ಅವರ ಕೈ ನೋಡಬೇಕು. ಮೊದಲು ಅಂಗೈಯಿಂದ ತೊಡೆ ಸವರುತ್ತಿದ್ದರು. ಆಮೇಲೆ ಮುಷ್ಟಿಯ ಬದಿಯಿಂದ ಮೆಲ್ಲಗೆ ಗುದ್ದು, ಇನ್ನೊಂದು ಗುದ್ದು, ಅದರ ಹಿಂದೆಯೇ ಸೂಜಿ. ಎಂಥ ತುಂಟ ಖಿಲಾರಿ ಎತ್ತಾದರೂ ಅದೂ ಒಂದು ಗುದ್ದೇ ಎಂದುಕೊಂಡು ಸುಮ್ಮನೆ ನಿಂತಿರುತ್ತಿತ್ತು. ಕೊರಳಲ್ಲಿ ಸ್ಟೆತಸ್ಕೋಪು ಇದ್ದೇ ಇರುತ್ತಿತ್ತು, ಆದರೆ ಎಮ್ಮೆಯ ಹೊಟ್ಟೆಗೆ ಕಿವಿಯನ್ನೇ ಹಚ್ಚಿ ಕೇಳುತ್ತಿದ್ದರು. ಅರ್ಧ ಮುಖಕ್ಕೆ ಸಗಣಿ ಮೆತ್ತಿಕೊಂಡು ಎದ್ದು ಬರುತ್ತಿದ್ದರು. "ಮತ್ತ ಕೊಳ್ಳಾಗಿಂದ ಅದ್ಯಾಕ್ರಿ?" ಎಂದರೆ, "ಇದ ಇಲ್ಲಾಂದ್ರ ಜನ ಡಾಕ್ಟರ್ ಅನ್ನಂಗಿಲ್ರಿ" ಎಂಬ ಉತ್ತರ.

ದನ ಸತ್ತ ಮನೆಯಲ್ಲಿ ಅವರು ಚಹಾ ಕುಡಿಯುತ್ತಿರಲಿಲ್ಲ. ಉಳಿದ ದಿನ ಬಸಿಗೆ ಸುರಿದುಕೊಂಡು ಸುರ್ ಎಂದು ಎಷ್ಟಾದರೂ ಹೀರುವ ಮನುಷ್ಯ, ಅಂಥ ದಿನ ನೀರನ್ನೂ ಮುಟ್ಟದೆ ಸತ್ತ ಪ್ರಾಣಿಯ ಪಕ್ಕ ನೆಲದ ಮೇಲೆ ಸ್ವಲ್ಪ ಹೊತ್ತು ಕೂತು, ಫಟ್‌ಫಟಿ ಹತ್ತಿ ಹೋಗಿಬಿಡುತ್ತಿದ್ದರು. ಹೀಗೆ ಮಾಡಬೇಡಿ, ನೀವು ತಮ್ಮ ಮೇಲೆ ಸಿಟ್ಟಾಗಿದ್ದೀರಿ ಅಂತ ಜನ ಅಂದುಕೊಳ್ಳುತ್ತಾರೆ ಎಂದು ನಾನು ಒಮ್ಮೆ ಹೇಳಿದ್ದೆ. "ಸಿಟ್ಟು ಅವರ ಮ್ಯಾಲಲ್ರಿ" ಎಂದಿದ್ದರು.

ನಾನು ಚಿಕ್ಕೋಡಿಯ ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಸೇರಿದ್ದು ಎಂಬತ್ತರ ದಶಕದಲ್ಲಿ. ಹುಟ್ಟಿದ್ದು ಅಥಣಿಯಲ್ಲಿ, ತವರಿಗೆ ದ್ರಾಕ್ಷಿ ತೋಟವಿತ್ತು. ಓದಿದವಳು ಸುಮ್ಮನೆ ಪಾಠ ಹೇಳಿಕೊಂಡು ಇರಬಾರದೇ? ರಣಹದ್ದುಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೊರಟೆ. ಆಗ ಕೃಷ್ಣೆಯ ದಂಡೆಯ ದೊಡ್ಡ ಮರಗಳ ಮೇಲೆ ಅವು ಗೂಡು ಕಟ್ಟುತ್ತಿದ್ದವು. ಸತ್ತ ದನ ಒಗೆಯುವ ಬಯಲಿಗೆ ಇಳಿದರೆ ನೆಲವೇ ಕಾಣದಷ್ಟು ಇರುತ್ತಿದ್ದವು. ನಾನು ಮೂಗಿಗೆ ಸೆರಗು ಹಿಡಿದು, ದುರ್ಬೀನು ಹಿಡಿದು, ಕರಿಜಾಲಿ ಗಿಡದ ನೆರಳಿಗೆ ಕೂತಿರುತ್ತಿದ್ದೆ. "ಸೊಸಿ ಎಲ್ಲಿಗೆ ಹೋಗ್ಯಾಳ ಅಂತ ಮಂದಿ ಕೇಳಿದ್ರ ನಾ ಏನ್ ಹೇಳಲಿ?" ಎಂದು ನಮ್ಮ ಅತ್ತೆಯವರು ಹಣೆ ಬಡಿದುಕೊಂಡಿದ್ದರು.

ಅಂಥ ಒಂದು ಮಧ್ಯಾಹ್ನ ಫಟ್‌ಫಟಿಯ ಮೇಲೆ ಹೋಗುತ್ತಿದ್ದ ಗಂಡಸೊಬ್ಬ ನನ್ನನ್ನು ನೋಡಿ ನಿಂತ. ಬಯಲಲ್ಲಿ ಹೆಣ, ಹೆಣದ ಎದುರು ಒಬ್ಬಂಟಿ ಹೆಂಗಸು. ಗಾಬರಿಯಾಗಿರಬೇಕು. "ಯಾಕ್ರಿ ತಂಗಿ, ಏನರ ತೊಂದರಿ ಐತೇನ್ರಿ ಮನ್ಯಾಗ?" ಎಂದು ದೂರದಿಂದಲೇ ಕೇಳಿದರು.

"ಇಲ್ರಿ. ಹದ್ದ ನೋಡಾಕತ್ತೀನಿ" ಎಂದೆ.

ಅವರು ಇಳಿದು ಹತ್ತಿರ ಬಂದರು. ಬಯಲಲ್ಲಿ ಎಮ್ಮೆಯ ಹೆಣದ ಮೇಲೆ ಕಿತ್ತಾಟ ಜೋರಾಗಿತ್ತು. ಸ್ವಲ್ಪ ಹೊತ್ತು ನೋಡಿ, "ಆ ಎಮ್ಮಿ ನಂದರಿ" ಎಂದರು. "ಅಂದ್ರ, ನನ್ನ ಕಡೆ ಬಂದಿದ್ದು. ಉಳಸಾಕ ಆಗಲಿಲ್ಲ. ನಾ ಮಾಡಲಾರದ್ದನ್ನ ಇವು ಮುಗಸ್ತಾವ. ಇವೂ ನಮ್ಮ ಇಲಾಖೆಯವ ಅನ್ರಿ, ಪಗಾರ ಇಲ್ಲ ಅಷ್ಟ."

ಅಲ್ಲಿಂದ ಶುರುವಾಯಿತು ನಮ್ಮ ಗೆಳೆತನ. ರಾಯಬಾಗ, ಕಾಗವಾಡ, ಅಥಣಿ ಎಂದು ಅವರಿಗೆ ಎಲ್ಲೆಲ್ಲಿಂದಲೋ ಕರೆ ಬರುತ್ತಿತ್ತು, ಎಲ್ಲಿ ಹದ್ದು ಕಂಡರೂ ನನಗೆ ಸುದ್ದಿ ಮುಟ್ಟುತ್ತಿತ್ತು. ಕಾಲೇಜಿನ ಗೇಟಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಬಾಯಾರ, ನಿನ್ನಿ ಸತ್ತಿ ಊರ ಹೊಳಿ ಕಡೆ ನಿಮ್ಮ ಬೀಗರು ಭಾಳ ಮಂದಿ ಬಂದಿದ್ರು. ಊಟ ಜೋರ ಇತ್ತು" ಎಂದು ಕೂಗುತ್ತಿದ್ದರು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಆದರೆ ಮುಂದಿನ ಬಸ್ಸಿಗೆ ಓಡುತ್ತಿದ್ದವಳೂ ನಾನೇ.

ಆ ಮನುಷ್ಯನಿಗೆ ನೋವು ಕಂಡರೆ ಆಗುತ್ತಿರಲಿಲ್ಲ. ಸಾವು ಕಂಡರೆ ತಡೆದುಕೊಳ್ಳುತ್ತಿದ್ದರು, ನೋವು ಮಾತ್ರ ನೋಡಲಾರರು. ಏಕಸಂಬಿಯಲ್ಲಿ ಒಮ್ಮೆ ಸೊಂಟ ಮುರಿದು ಬಿದ್ದ ಮುದಿ ಆಕಳೊಂದಕ್ಕೆ ಅವರು ಸೂಜಿ ಹಾಕಲು ಕೂತಾಗ ನಾನು ಅಲ್ಲಿದ್ದೆ. ಮನೆಯ ಯಜಮಾನ, "ಅದು ಸಂಜಿಕ ಸಾಯ್ತೈತ್ರಿ ಸಾಹೇಬ್ರ, ಔಷಧಿ ಯಾಕ ದಂಡ?" ಎಂದ. ಡಾಕ್ಟರು ತಲೆ ಎತ್ತದೆ, "ಸಂಜೀತನಕ ಇರಬೇಕಲ್ಲೋ ಅದು" ಎಂದರು. ಆಮೇಲೆ ಆಕಳ ಗಂಗೆದೊಗಲು ಸವರುತ್ತ, ಮರಾಠಿಯಲ್ಲಿ ಏನೋ ಹೇಳುತ್ತ, ಅದರ ಉಸಿರು ಹಗುರಾಗುವವರೆಗೆ ಅಲ್ಲೇ ಕೂತಿದ್ದರು. ಅದು ಸಂಜೆಗೇ ಸತ್ತಿತು. ಉಳಿಯಲಾರದ ದನಕ್ಕೂ ನೋವಿನ ಔಷಧಿ ಕೊಟ್ಟೇ ಕೊಡುವುದು ಅವರ ಪದ್ಧತಿ. ಬೇರೆ ಯಾವ ಡಾಕ್ಟರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದ ಮಧ್ಯದಲ್ಲಿ ಡೈಕ್ಲೋಫಿನಾಕ್ ಎಂಬ ನೋವಿನ ಹೊಸ ಔಷಧಿ ನಮ್ಮ ಕಡೆಯ ಅಂಗಡಿಗಳಿಗೆ ಬಂತು. ಅವತ್ತಿನ ಅವರ ಸಂಭ್ರಮ ಈಗಲೂ ಕಣ್ಣಿಗೆ ಕಟ್ಟುತ್ತದೆ. ಕಾಲು ಬಾತು ಮಲಗಿದ್ದ ಎತ್ತು ಬೆಳಿಗ್ಗೆ ಸೂಜಿ ಹಾಕಿದರೆ ಮಧ್ಯಾಹ್ನ ಎದ್ದು ಮೇವು ತಿನ್ನುತ್ತಿತ್ತು. "ಏನ್ ಔಷಧರಿ ಬಾಯಾರ! ಇಷ್ಟ ವರ್ಷ ಇದು ಎಲ್ಲಿತ್ತು? ಇದಿಲ್ದ ನಾ ಎಷ್ಟ ದನಾ ಒದ್ಯಾಡಿಸಿ ಕೊಂದೀನಿ" ಎಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಆ ಸೀಸೆಯನ್ನು ಅಂಗಿಯ ಜೇಬಿನಿಂದ ತೆಗೆದು ನನಗೂ ತೋರಿಸಿದ್ದರು. ಛಲೋ ಆತು ಬಿಡ್ರಿ ಎಂದು ನಾನೂ ಖುಷಿಪಟ್ಟಿದ್ದೆ.

ಹದ್ದುಗಳು ಕಡಿಮೆಯಾಗತೊಡಗಿದ್ದೂ ಅದೇ ಹೊತ್ತಿಗೆ. ಈಗ ಅದೇ ಹೊತ್ತಿಗೆ ಎಂದು ಬರೆಯುವುದು ಸುಲಭ. ಆಗ ನಮಗೆ ಎರಡಕ್ಕೂ ಸಂಬಂಧ ಹೊಳೆಯಲೇ ಇಲ್ಲ. ಮರದ ಮೇಲೆ ಕೂತ ಹಕ್ಕಿಗಳು ಕತ್ತು ಜೋತುಬಿಟ್ಟು ದಿನಗಟ್ಟಲೆ ಹಾಗೇ ಇರುತ್ತಿದ್ದವು. ಆಮೇಲೆ ಒಂದು ದಿನ ಕೆಳಗೆ ಬಿದ್ದಿರುತ್ತಿದ್ದವು. ಗೂಡಿಗೆ ಮರಳದ ತಾಯಿಯ ದಾರಿ ಕಾಯುತ್ತ ಮರಿಗಳೂ ಸತ್ತವು. ನಾನು ಹುಚ್ಚಿಯಾದೆ. ಇದು ವಿಷದ ಕೆಲಸವೇ ಎಂದು ನನಗೆ ಅನಿಸಿತ್ತು. ಅಷ್ಟರಮಟ್ಟಿಗೆ ನಾನು ಹೇಳಿದ್ದು ಸರಿಯೇ, ಆದರೆ ವಿಷ ಎಲ್ಲಿದೆ ಎಂದು ತೋರಿಸಿದ ಬೆರಳು ತಪ್ಪು ದಿಕ್ಕಿಗಿತ್ತು. ದ್ರಾಕ್ಷಿಗೆ ಹೊಡೆಯುವ ಕೀಟನಾಶಕದ ಎಣ್ಣೆ, ಕಬ್ಬಿನ ಹೊಲದ ಇಲಿ ಪಾಷಾಣ, ತೋಳನ ಕಾಟಕ್ಕೆ ಕುರಿಗಾರರು ಸತ್ತ ಕುರಿಗೆ ಸವರುವ ಔಷಧಿ, ಇವೇ ಕಾರಣವೆಂದು ಸಾರಿಕೊಂಡು ತಿರುಗಿದೆ. ತವರಿನ ತೋಟಕ್ಕೆ ಹೋಗಿ ಅಣ್ಣನ ಜೊತೆಗೂ ಜಗಳ ಮಾಡಿ, ಉಣ್ಣದೆ ಎದ್ದು ಬಂದೆ.

ಆಗಲೇ ನನ್ನ ತಲೆಗೆ ಆ ಯೋಚನೆ ಬಂದದ್ದು. ಎಲ್ಲೋ ಏನೋ ತಿಂದು ಸತ್ತ, ಯಾರೋ ವಿಷ ಸವರಿದ ಹೆಣಗಳನ್ನು ಹದ್ದುಗಳು ತಿನ್ನುವುದಕ್ಕಿಂತ, ಹೇಗೆ ಸತ್ತಿತೆಂದು ಗೊತ್ತಿರುವ ಶುದ್ಧ ಹೆಣಗಳನ್ನು ಹೊಳೆಯ ದಂಡೆಯ ಬಯಲಲ್ಲಿ ಇಟ್ಟರೆ? ಉಳಿದ ಹಕ್ಕಿಗಳಾದರೂ ಬದುಕಿಯಾವು. ಹೇಗೆ ಸತ್ತಿತೆಂದು ಬಲ್ಲವರು ಯಾರು? ಡಾಕ್ಟರು.

ಅವರ ದವಾಖಾನೆಗೆ ಹೋಗಿ ಕೇಳಿದೆ. "ಸಾಹೇಬ್ರ, ನಿಮ್ಮ ಕೈಯಾಗ ಸತ್ತ ದನಾ ಅಷ್ಟ ನಮಗ ಬೇಕ್ರಿ. ಬ್ಯಾರೆದ್ದು ನಂಬಂಗಿಲ್ಲ."

ಅವರು ಜೋರಾಗಿ ನಕ್ಕರು. "ಎಲ್ಲಾರೂ ನಾ ಉಳಿಸಿದ್ದನ್ನ ಕೇಳ್ತಾರ. ನಾ ಕೊಂದದ್ದನ್ನ ಕೇಳಾಕ ಬಂದಾಕಿ ನೀವೊಬ್ರ ನೋಡ್ರಿ." ಆಮೇಲೆ ಗಂಭೀರವಾಗಿ, "ಆತ್ರಿ. ನಾ ಮುಟ್ಟಿದ್ದ ದನಾ ಅಂದ್ರ ಖಾತ್ರಿ ದನಾ. ಕಳಸ್ತೀನಿ" ಎಂದರು.

ಅಂದದ್ದಷ್ಟೇ ಅಲ್ಲ, ಅದರ ಬೆನ್ನು ಹತ್ತಿದರು. ಹೂಳಲು ಗುಂಡಿ ತೋಡಿದವರ ಕೈಹಿಡಿದು ತಡೆದರು, ಚರ್ಮದವರ ಹತ್ತಿರ ಮಾತಾಡಿದರು, ಬಂಡಿ ಇಲ್ಲದ ಬಡವನಿಗೆ ಪಕ್ಕದ ಮನೆಯ ಬಂಡಿ ಕೊಡಿಸಿದರು. ಅವರ ಮಾತಿಗೆ ಎದುರಾಡುವವರು ಯಾರು? ಖಾತ್ರಿ ದನಗಳು ಒಂದೊಂದಾಗಿ ಬಯಲಿಗೆ ಬಂದವು. ಒಂದೊಂದಕ್ಕೂ ಸಾಯುವ ಮುಂಚೆ ಡಾಕ್ಟರು ನೋವಿಲ್ಲದಂತೆ ಸೂಜಿ ಹಾಕಿಯೇ ಇದ್ದರು. ಉಳಿದಿದ್ದ ಹದ್ದುಗಳು ಸುತ್ತಲಿನ ಊರುಗಳಿಂದ ಅಲ್ಲಿಗೇ ಬರತೊಡಗಿದವು. ನಾನು ಗಿಡದ ನೆರಳಿಗೆ ಕೂತು ಅವು ತಿನ್ನುವುದನ್ನು ಕಣ್ತುಂಬ ನೋಡಿದೆ. ಮಕ್ಕಳಿಗೆ ಉಣಬಡಿಸಿದ ತಾಯಿಗೂ ಅಷ್ಟು ಸಮಾಧಾನ ಆಗುವುದಿಲ್ಲ.

ಆದರೂ ಅವು ಸಾಯುತ್ತಲೇ ಹೋದವು, ಬರಬರುತ್ತ ಇನ್ನಷ್ಟು. ನಮ್ಮ ಬಯಲಿನ ಸುತ್ತಲೇ ಸಾಯುತ್ತಿದ್ದವು. ಬೇರೆ ಕಡೆ ವಿಷ ತಿಂದು ಇಲ್ಲಿಗೆ ಬಂದು ಬೀಳುತ್ತಿವೆ ಎಂದು ನಾನು ಹೇಳಿದೆ, ಡಾಕ್ಟರು ನಂಬಿದರು. ಓದಿದವಳ ಮಾತು.

ಒಂದು ದಿನ ದಂಡೆಯ ಮರದ ಬುಡದಲ್ಲಿ ಇನ್ನೂ ಜೀವವಿದ್ದ ಒಂದು ಹಕ್ಕಿ ಸಿಕ್ಕಿತು. ಗೋಣಿಚೀಲದಲ್ಲಿ ಸುತ್ತಿ, ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ, ತೊಡೆಯ ಮೇಲಿಟ್ಟುಕೊಂಡು ದವಾಖಾನೆಗೆ ಒಯ್ದೆ. ಡಾಕ್ಟರು ಮೇಜಿನ ಮೇಲಿನದನ್ನೆಲ್ಲ ಬದಿಗೆ ಸರಿಸಿದರು. "ಹಕ್ಕಿ ವಿದ್ಯಾ ನನಗ ಬರೂದಿಲ್ರಿ" ಎನ್ನುತ್ತಲೇ ಅದರ ಎದೆಗೆ ಕಿವಿ ಇಟ್ಟರು. ಕತ್ತು ಎತ್ತಿ ಹಿಡಿದರೆ ಬಿಟ್ಟ ಕೂಡಲೇ ಕೆಳಗೆ ಬೀಳುತ್ತಿತ್ತು. ಕಣ್ಣು ಮಾತ್ರ ತೆರೆದೇ ಇತ್ತು.

"ಭಾಳ ಒದ್ಯಾಡಾಕತ್ತೈತಿ ಸಾಹೇಬ್ರ. ಏನರ ಮಾಡ್ರಿ" ಎಂದೆ.

ಅವರಿಗೆ ಅಷ್ಟು ಸಾಕಾಗಿತ್ತು. ಆ ನೋವಿನ ಔಷಧಿಯ ಸೀಸೆಯನ್ನೇ ತೆಗೆದು, ಹಕ್ಕಿಯ ತೂಕ ಅಂದಾಜು ಮಾಡಿ, ಸಣ್ಣ ಸೂಜಿಯಲ್ಲಿ ಸ್ವಲ್ಪವೇ ತುಂಬಿಕೊಂಡರು. "ಗಟ್ಟಿ ಹಿಡಕೋರಿ" ಎಂದರು. ನಾನು ಎರಡೂ ರೆಕ್ಕೆ ಹಿಡಿದುಕೊಂಡೆ. ಎತ್ತಿನ ತೊಡೆಗೆ ಮಾಡುವ ಹಾಗೆಯೇ ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿ ಸೂಜಿ ಹಾಕಿದರು. ಅದಕ್ಕೆ ಕೊಸರಾಡುವ ಶಕ್ತಿಯೂ ಇರಲಿಲ್ಲ.

ಮರುದಿನ ಅದು ಸತ್ತಿತ್ತು. ಕೊಯ್ದು ನೋಡಿದೆವು. ಒಳಗೆ ಯಕೃತ್ತು, ಹೃದಯ ಎಲ್ಲದರ ಮೇಲೂ ಸುಣ್ಣ ಬಳಿದಂತೆ ಬಿಳಿ ಪುಡಿ. ಅಂಥದ್ದನ್ನು ಇಬ್ಬರೂ ಕಂಡಿರಲಿಲ್ಲ. "ಇದು ದ್ರಾಕ್ಷಿ ಎಣ್ಣಿದ ಕೆಲಸ" ಎಂದು ನಾನು ಹಲ್ಲು ಕಚ್ಚಿದೆ. ಅವರು ಕೈ ತೊಳೆದುಕೊಂಡು ಬಂದು ಹೊರಗಿನ ಕಲ್ಲಿನ ಮೇಲೆ ಕೂತರು. ಚಹಾ ತಂದ ಜವಾನನನ್ನು ಹಾಗೇ ಕಳಿಸಿಬಿಟ್ಟರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಯಲು ಖಾಲಿ. ಹೆಣಗಳ ಮೇಲೆ ನಾಯಿಗಳ ದರ್ಬಾರು. ನನ್ನ ಸಂಶೋಧನೆಗೆ ಪದವಿ ಸಿಕ್ಕಿತು, ಹಕ್ಕಿ ಉಳಿಯಲಿಲ್ಲ. ಡಾಕ್ಟರು ನಿವೃತ್ತರಾದಾಗ ಕಾಲೇಜಿನಲ್ಲಿ ಸನ್ಮಾನ ಇಟ್ಟುಕೊಂಡವಳು ನಾನೇ. ಶಾಲು ಹೊದಿಸಿ, ಫೇಟಾ ಸುತ್ತಿಸಿ, ಹದ್ದಿಗೂ ಅನ್ನ ಹಾಕಿದ ಪುಣ್ಯಾತ್ಮ ಎಂದು ಮೈಕಿನಲ್ಲಿ ಹೇಳಿದ್ದು ಅವತ್ತೇ. ಅವರು ನಾಚಿ, "ಉಳೀಲಿಲ್ಲಲ್ರಿ ಬಾಯಾರ, ಹೊಗಳತೀರ್ಯಾಕ?" ಎಂದು ಪಿಸುಗುಟ್ಟಿದರು. ಆದರೆ ಆ ಫೋಟೋಕ್ಕೆ ಕಟ್ಟು ಹಾಕಿಸಿ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರೆಂದು ಅವರ ಹೆಂಡತಿ ಹೇಳುತ್ತಿದ್ದರು.

ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾದ ಮೇಲೆ ಕಾರಣ ಗೊತ್ತಾಯಿತು. ನಮ್ಮ ಊರಿನಲ್ಲಿ ಮಾತ್ರವಲ್ಲ, ದೇಶದ ತುಂಬ ಹದ್ದುಗಳು ಸತ್ತಿದ್ದವು. ದನಕ್ಕೆ ಕೊಟ್ಟ ಡೈಕ್ಲೋಫಿನಾಕ್ ಹೆಣದಲ್ಲಿ ಉಳಿಯುತ್ತದೆ, ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಒಳಗೆಲ್ಲ ಬಿಳಿ ಪುಡಿ ಕೂಡುತ್ತದೆ. ಇದನ್ನೆಲ್ಲ ಒಂದು ಸಂಶೋಧನಾ ಲೇಖನದಲ್ಲಿ ಓದಿದೆ. ಊರೆಲ್ಲ ಹುಡುಕಿ ವಿಷವಿಲ್ಲದ ಹೆಣವೆಂದು ನಾನು ಆರಿಸಿದ್ದು, ಸಾಯುವ ಮುಂಚೆ ತಪ್ಪದೆ ಆ ಔಷಧಿ ಹೊಕ್ಕಿದ್ದ ಹೆಣಗಳನ್ನೇ. ಬೇರೆಯವರ ಕೈಯಲ್ಲಿ ಸತ್ತ ದನ ಹಾಕಿಸಿದ್ದರೂ ಕೆಲವಾದರೂ ಉಳಿಯುತ್ತಿದ್ದವೇನೋ. ಅಣ್ಣನ ತೋಟಕ್ಕೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಅದು ಸುಲಭವಿತ್ತು.

ಡಾಕ್ಟರಿಗೆ ಹೇಳಲು ತಿಂಗಳುಗಟ್ಟಲೆ ಹಿಂದೆ ಮುಂದೆ ನೋಡಿದೆ. ಹೇಳದಿದ್ದರೆ ಏನು ಗಂಟು ಹೋಗುತ್ತಿತ್ತು? ಅವರು ನಿವೃತ್ತರು, ಮುದುಕರು. ಆದರೆ ಸುತ್ತಲಿನ ರೈತರು ಈಗಲೂ ದನ ತೆಗೆದುಕೊಂಡು ಅವರ ಮನೆಗೇ ಬರುತ್ತಿದ್ದರು, ಅವರು ಅದೇ ಸೂಜಿ ಹಾಕುತ್ತಿದ್ದರು, ತಿಳಿಸಲೇಬೇಕು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ನಿಜ ಬೇರೆ. ಒಬ್ಬಳೇ ಹೊರಲಾರದೆ ಅರ್ಧವನ್ನು ಅವರ ತಲೆಗೆ ಹೊರಿಸಲು ಹೋಗಿದ್ದೆ.

ಅಂಗಳದ ಬೇವಿನ ನೆರಳಿಗೆ ಮಂಚ ಹಾಕಿಕೊಂಡು ಕೂತಿದ್ದರು. "ಬರ್ರಿ ಬರ್ರಿ, ಹದ್ದಿನ ಬೀಗರು ಬಂದ್ರು ನೋಡ" ಎಂದು ಹೆಂಡತಿಯನ್ನು ಕೂಗಿದರು. ನಾನು ಕೂರುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ಅದ ಔಷಧನ?" ಎಂದು ಕೇಳಿದರು.

"ಹೌದ್ರಿ. ಅದ."

"ದನಕ್ಕ ಏನೂ ಆಗೂದಿಲ್ಲ. ಹದ್ದಿಗೆ ಹೆಂಗ ಆಗ್ತೈತಿ ಅಂತ ನನಗ ಹೆಂಗ ತಿಳೀಬೇಕಿತ್ರಿ?" ತಪ್ಪಿಸಿಕೊಳ್ಳಲು ಕೇಳಿದ್ದಲ್ಲ. ಪಾಠ ಅರ್ಥವಾಗದ ಹುಡುಗ ಕೇಳುವ ಹಾಗೆ ಕೇಳಿದರು.

"ಯಾರಿಗೂ ತಿಳಿದಿದ್ದಿಲ್ರಿ ಸಾಹೇಬ್ರ. ನನಗ ತಿಳೀಬೇಕಿತ್ತು, ನಾ ಓದಿದಾಕಿ. ದನಾ ಕೇಳಿದಾಕಿನೂ ನಾನ."

ಅವರು ಆ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. "ಬಯಲಾಗ ತಿಂದ ಸತ್ತವು ಒಂದ ಕಡೆ ಇರ್ಲಿ. ಆ ಒಂದಕ್ಕ ನಾನ ಕೈಯಾರೆ ಹಾಕಿದ್ನಲ್ರಿ. ತಿಂದದ್ದರ ಮ್ಯಾಲ ಮತ್ತ ಅದನ್ನ ಹಾಕಿದ್ನಿ."

"ಹಿಡಕೊಂಡಾಕಿ ನಾನ್ರಿ."

"ಅದಕ್ಕ ಭಾಳ ನೋವ ಆಗಿರಬೇಕಲ್ರಿ ಬಾಯಾರ?"

ಇಲ್ಲ ಎನ್ನಬಹುದಿತ್ತು. ಆದರೆ ಮೂತ್ರಪಿಂಡ ಕೆಟ್ಟ ದನಗಳನ್ನು ಜೀವನವಿಡೀ ನೋಡಿದವರಿಗೆ ಸುಳ್ಳು ಹೇಳುವುದು ಹೇಗೆ? "ಆಗಿರಬೇಕ್ರಿ" ಎಂದೆ. ಅವರು ತಲೆಯಾಡಿಸಿದರು. ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕಪ್ಪು ಬಸಿ ಕೆಳಗಿಟ್ಟು, "ಇದನ್ನ ಹೇಳಾಕ ಅಷ್ಟ ದೂರಿಂದ ಬಂದ್ರೇನ್ರಿ?" ಎಂದರು. ಬೈಗಳಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಆಕೆ ಮೆಲ್ಲಗೆ ಕೇಳಿದರು. ಚಹಾ ಆರಿಹೋಯಿತು, ಅವರೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.

ಹೊರಡಲು ಎದ್ದಿದ್ದೆ. ಅಷ್ಟರಲ್ಲಿ ಮನೆಯ ಮುಂದೆ ಟೆಂಪೋ ಬಂದು ನಿಂತಿತು. ಸತ್ತಿ ಕಡೆಯ ರೈತನೊಬ್ಬ ಎತ್ತು ಹಾಕಿಕೊಂಡು ಬಂದಿದ್ದ. ಅದರ ಹಿಂಗಾಲು ಕುಂಬಳಕಾಯಿಯಷ್ಟು ಬಾತಿತ್ತು, ಇಳಿಸಲೂ ಬರುವ ಹಾಗಿರಲಿಲ್ಲ. ಅದು ನರಳುತ್ತಿದ್ದುದು ಓಣಿಗೆಲ್ಲ ಕೇಳಿಸುತ್ತಿತ್ತು. "ಸಾಹೇಬ್ರ, ನಿಮ್ಮ ಪಾದಾ ಹಿಡೀತೀನಿ, ಒಂದ ಸೂಜಿ ಹಾಕ್ರಿ. ಎಲ್ಲಿ ಹೋದ್ರೂ ಆಗೂದಿಲ್ಲ ಅಂದಾರ" ಎಂದು ಆತ ಅಳುವ ಹಾಗಾಗಿದ್ದ.

ಡಾಕ್ಟರು ಒಳಗೆ ಹೋಗಿ ಪೆಟ್ಟಿಗೆ ತಂದರು. ಸೀಸೆ ಕೈಯಲ್ಲಿ ಹಿಡಿದು ಟೆಂಪೋದ ಹತ್ತಿರ ನಿಂತುಬಿಟ್ಟರು. ಹದ್ದಿಗೆ ಅಪಾಯವಿಲ್ಲದ ಬೇರೆ ಔಷಧಿ ಇದೆಯೆಂದು ನಾನು ಓದಿದ್ದೆ, ಆದರೆ ನಮ್ಮ ಕಡೆಯ ಅಂಗಡಿಗಳಿಗೆ ಅದಿನ್ನೂ ಬಂದಿರಲಿಲ್ಲ. ಅವರು ನನ್ನ ಕಡೆ ನೋಡಿದರು. "ಹಾಕಲೇನ್ರಿ?" ಎಂದರು. ಜೀವಮಾನದಲ್ಲಿ ಅವರು ದನಕ್ಕೆ ಸೂಜಿ ಹಾಕಲು ಇನ್ನೊಬ್ಬರ ಅಪ್ಪಣೆ ಕೇಳಿದ್ದು ಅದೊಂದೇ ಸಲ. ಕೇಳುವ ಹಾಗೆ ಮಾಡಿದವಳು ನಾನು.

ಎತ್ತು ಮತ್ತೊಮ್ಮೆ ನರಳಿತು. "ಹಾಕ್ರಿ" ಎಂದೆ.

ಹಾಕಿದರು. ಸೂಜಿ ಸರಿಯಾಗಿಯೇ ಇಳಿಯಿತು. ಆಮೇಲೆ ನರಳಾಟ ಇಳಿಯುವ ತನಕ ಅದರ ಕೊರಳ ಮೇಲೆ ಕೈಯಿಟ್ಟುಕೊಂಡೇ ನಿಂತು ರೈತನಿಗೆ ಹೇಳಿದರು, "ಬದುಕಿದ್ರ ಛಲೋ. ಸತ್ತರ ಮಾತ್ರ ಬಯಲಿಗೆ ಒಗೀಬ್ಯಾಡ. ಆಳ ತಗ್ಗ ತೋಡಿ ಹೂಳು."

"ಮೊದಲ ಬಯಲಿಗೆ ಒಗೀರಿ ಅಂತ ಜಗಳಾ ಮಾಡ್ತಿದ್ರಿ. ಈಗ ಹೂಳ ಅಂತೀರಿ, ಯಾಕ್ರಿ?"

"ಹದ್ದು ತಿಂದ್ರ ಸಾಯ್ತಾವೋ."

ರೈತ ನಕ್ಕ. ಪಾಪ, ಎತ್ತಿನ ಉಸಿರು ಹಗುರಾದದ್ದಕ್ಕೆ ಅವನಿಗೆ ನಗು ಬಂದಿತ್ತು. "ಹದ್ದು ಎಲ್ಲಿ ಅದಾವ್ರಿ ಸಾಹೇಬ್ರ? ನಮ್ಮ ಹುಡುಗರಿಗೆ ಹದ್ದು ಅಂದ್ರ ಏನು ಅಂತನ ಗೊತ್ತಿಲ್ಲ. ಇದ್ದರ ತಿನ್ನೂದು, ಸಾಯೂದು."

ಡಾಕ್ಟರ ಮುಖ ನೋಡಲಾರದೆ ನಾನು ಆ ಕಡೆ ತಿರುಗಿದೆ. ಅವರು ಬಿಡಲಿಲ್ಲ. "ಬಾಯಾರ, ನೀವರ ಹೇಳ್ರಿ ಇವಗ. ಎಲ್ಲಿಂದರ ಒಂದು ಬಂದೀತಲ್ರಿ? ಒಂದರ?"

ಸತ್ತಿಯಿಂದ ಯಡೂರಿನ ತನಕ ದಂಡೆಗುಂಟ ವರ್ಷಗಟ್ಟಲೆ ನಡೆದಿದ್ದೆ. ಮರಗಳು ಖಾಲಿ, ಆಕಾಶ ಖಾಲಿ. ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

"ಬರ್ತೈತ್ರಿ" ಎಂದೆ.

ಅವರ ಮುಖ ಸಡಿಲಾಯಿತು. ಮತ್ತೆ ನನ್ನ ಮಾತನ್ನು ನಂಬಿದರು. "ಕೇಳಿದೇನೋ?" ಎಂದರು ರೈತನಿಗೆ, "ಬಾಯಾರು ಹದ್ದಿನ ಮ್ಯಾಲ ಓದಿದಾರ. ಅವರ ಹೇಳಾಕತ್ತಾರ, ಬರ್ತೈತಿ ಅಂತ. ಹೂಳಬೇಕು ನೋಡ." ಎತ್ತಿನ ಹಣೆ ಮುಟ್ಟಿಸಿ ಅವನಿಂದ ಆಣೆ ಮಾಡಿಸಿಕೊಂಡರು. ಆತ ಆಣೆ ಮಾಡಿ, ಅವರ ಕಾಲಿಗೆ ಬಿದ್ದು, ನನಗೂ ಕೈ ಮುಗಿದು, ಟೆಂಪೋ ಹತ್ತಿ ಹೋದ.